ಮಗ್ಗದ ಕುಣಿಯ ಮೇಲೊಂದು ಮುಳುಗಡೆ ಬಾಗಿಲು

ನಾನು ಬಾಡಿಗೆಗೆ ಹಿಡಿದ ಮನೆಯ ನಡುಮನೆಯಲ್ಲಿ ಒಂದು ಗುಂಡಿ ಇತ್ತು. ಹೆಗ್ಗಣ ತೋಡಿದ್ದಲ್ಲ, ನೆಲ ಕುಸಿದು ಆದದ್ದೂ ಅಲ್ಲ. ಅಳತೆ ಹಿಡಿದು ತೋಡಿ, ಅಂಚಿಗೆ ಕಲ್ಲು ಕೂರಿಸಿ, ಒಳಗೆಲ್ಲ ಗಾರೆ ಮೆತ್ತಿ, ಬೇಕೆಂದೇ ಮಾಡಿದ ಗುಂಡಿ. ಇಳಿದು ನಿಂತರೆ ತೊಡೆಯವರೆಗೆ ಬರುತ್ತದೆ. ಮನೆ ತೋರಿಸಲು ಬಂದಿದ್ದ ಮಾಲೀಕರು ಕಾಶವ್ವ, ಅರವತ್ತು ದಾಟಿದ ಗಟ್ಟಿ ಹೆಂಗಸು, ಒಂದೇ ಉಸಿರಿನಲ್ಲಿ, "ಇದು ಅಡಗಿ ಮನಿ, ಇದು ಬಚ್ಚಲಾ, ಇದು ಕುಣಿ" ಎಂದು ಮುಂದೆ ನಡೆದುಬಿಟ್ಟರು. ನಾನು ಅಲ್ಲೇ ನಿಂತೆ. ನಮ್ಮ ಮಂಡ್ಯದ ಕಡೆ ಗುಣಿ ತೋಡುವುದು ಯಾವಾಗ, ಯಾರಿಗೆ ಅಂತ ನಿಮಗೆ ಗೊತ್ತೇ ಇದೆ. ಜೀವ ಇರುವವರ ನಡುಮನೆಯಲ್ಲಿ ಅದಕ್ಕೇನು ಕೆಲಸ?

"ಹೆದರಬ್ಯಾಡ ತಂಗಿ, ಮಗ್ಗದ ಕುಣಿ ಅದು" ಎಂದರು ಕಾಶವ್ವ, ತಿರುಗಿ ನೋಡಿ. ಕೈಮಗ್ಗ ಇದ್ದ ಕಾಲದಲ್ಲಿ ನೇಯುವವರು ಈ ಗುಂಡಿಯ ಅಂಚಿನ ಮೇಲೆ ಕುಳಿತು, ಕಾಲನ್ನು ಒಳಕ್ಕೆ ಇಳಿಬಿಟ್ಟು, ಕೆಳಗಿದ್ದ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾ ಸೀರೆ ನೇಯುತ್ತಿದ್ದರಂತೆ. ಆ ಮಗ್ಗ ಹೋಗಿ ಎಷ್ಟೋ ವರ್ಷಗಳಾಗಿವೆ. ಪಕ್ಕದ ಮನೆಯಲ್ಲಿ ಅವರ ಮಗ ಕರೆಂಟಿನ ಮಗ್ಗ ಹಾಕಿದ್ದಾರೆ. ಇಲ್ಲಿ ಗುಂಡಿ ಮಾತ್ರ ಉಳಿದಿದೆ.

"ಹಾಗಾದರೆ ಮುಚ್ಚಿಸಿಬಿಡೋಣ ಬಿಡಿ" ಎಂದೆ. ಒಂದು ಮೂಟೆ ಸಿಮೆಂಟಿನ ಕೆಲಸ ಅಂತ ನನ್ನ ಲೆಕ್ಕ.

"ಕುಣಿ ಮುಚ್ಚಂಗಿಲ್ಲ. ಮ್ಯಾಲ ಹಲಗಿ ಹಾಕ್ಕೊ, ಚಾಪಿ ಹಾಸ್ಕೊ, ಏನರೆ ಮಾಡ್ಕೊ. ಮುಚ್ಚೂದು ಅಂತ ಮಾತ್ರ ಅನಬ್ಯಾಡ."

ಬೇರೆ ಮನೆ ನೋಡಬಹುದಿತ್ತಲ್ಲ ಎನ್ನುತ್ತೀರಿ. ನೋಡಿದ್ದೆ. ಬನಹಟ್ಟಿಯಲ್ಲಿ ಏಳು ಮನೆ, ರಬಕವಿಯಲ್ಲಿ ನಾಲ್ಕು. ಎಲ್ಲಾ ಕಡೆ ಮೊದಲ ಪ್ರಶ್ನೆ, "ನಿಮ್ಮ ಮನ್ಯಾವ್ರು ಏನ್ ಮಾಡ್ತಾರ್ರಿ?" ಇಂಚರಾಳ ಅಪ್ಪ ಏನು ಮಾಡುತ್ತಾರೆ ಅಂತ ನನಗೆ ತಿಳಿಯದೆ ಐದು ವರ್ಷವಾಯಿತು. ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಇದನ್ನು ಹನ್ನೊಂದು ಮನೆಯ ಬಾಗಿಲಲ್ಲಿ ನಿಂತು ಹೇಳಿ ಹೇಳಿ ನಾಲಗೆ ಒಣಗಿತ್ತು. ಕಾಶವ್ವ ಮಾತ್ರ ಗಂಡನ ವಿಷಯ ಕೇಳಲಿಲ್ಲ. ನನ್ನ ಮುಖ ನೋಡಿ, "ಊಟ ಆತೇನು?" ಎಂದರು. ಆಗಿರಲಿಲ್ಲ. ಅವರ ಪಡಸಾಲೆಯಲ್ಲಿ ಕೂತು ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಉಂಡೆ. ಉಂಡ ಮೇಲೆ ಗುಂಡಿ ಇರಲಿ ಬಾವಿಯೇ ಇರಲಿ, ಇದೇ ಮನೆ ಎಂದು ತೀರ್ಮಾನಿಸಿದೆ.

ಹತ್ತು ವರ್ಷ ಮಂಡ್ಯದಲ್ಲಿ ಗುತ್ತಿಗೆ ನರ್ಸಾಗಿ ದುಡಿದವಳು ನಾನು. ಪ್ರತಿ ಮಾರ್ಚಿಗೂ ಕೆಲಸ ಇರುತ್ತದೋ ಹೋಗುತ್ತದೋ ಎಂಬ ನಡುಕ. ನಲವತ್ತರ ಹತ್ತಿರ ಬಂದಾಗ ಕಾಯಂ ಆಯಿತು, ಆದರೆ ಊರು ಬನಹಟ್ಟಿ. ಬೇಡ ಎನ್ನುವ ಧೈರ್ಯ ಯಾರಿಗಿದೆ? ಹನ್ನೊಂದು ವರ್ಷದ ಮಗಳು ಇಂಚರಾಳನ್ನು ಅಕ್ಕನ ಮನೆಯಲ್ಲಿ ಬಿಟ್ಟು, ಎರಡು ಬ್ಯಾಗು, ಒಂದು ಚೀಲ ರಾಗಿ ಹಿಟ್ಟು ಹಿಡಿದು ಹೊರಟುಬಂದೆ.

ಬಂದ ವಾರವೇ ವಿಡಿಯೋ ಕಾಲಿನಲ್ಲಿ ಮಗಳಿಗೆ ಮನೆ ತೋರಿಸಿದೆ. ಅಡುಗೆಮನೆ ನೋಡಿದಳು, ತಲೆಯಾಡಿಸಿದಳು. ಬಚ್ಚಲು ನೋಡಿದಳು, ಮೂಗು ಮುರಿದಳು. ನಡುಮನೆಗೆ ಬಂದಾಗ ಕಿರುಚಿದಳು.

"ಅಮ್ಮಾ, ಅದೇನದು ಗುಂಡಿ? ನಾನು ಬರಲ್ಲಪ್ಪ!"

"ಮಗ್ಗದ್ದು ಕಣೇ, ಏನೂ ಆಗಲ್ಲ."

"ಮೊದ್ಲು ಅದನ್ನ ಮುಚ್ಚಿಸು. ದಸರಾ ರಜಕ್ಕೆ ಬಂದು ನೋಡ್ತೀನಿ. ಮನೆ ಥರ ಇದ್ರೆ ಇರ್ತೀನಿ. ಇಲ್ದಿದ್ರೆ ದೊಡ್ಡಮ್ಮನ ಮನೇಲೇ ಇರ್ತೀನಿ, ನೀನು ಬಲವಂತ ಮಾಡ್ಬಾರ್ದು. ಪ್ರಾಮಿಸ್ ಮಾಡು."

ಮಾಡಿದೆ. ಇನ್ನೇನು ಮಾಡಲಿ? ಮುಚ್ಚಿಸಿದರೆ ಮನೆ ಹೋಗುತ್ತದೆ, ಮುಚ್ಚಿಸದಿದ್ದರೆ ಮಗಳು ಹೋಗುತ್ತಾಳೆ. ನಾಲ್ಕು ತಿಂಗಳು ನನ್ನ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು.

ಊರು ಹೇಗಿದೆ ಅಂತ ಮಂಡ್ಯದಿಂದ ನೀವೆಲ್ಲ ಫೋನಿನಲ್ಲಿ ಕೇಳುತ್ತೀರಿ. ಸದ್ದು, ಅಷ್ಟೇ ಹೇಳಬಲ್ಲೆ. ನಮ್ಮಲ್ಲಿ ಬೆಳಗಾದರೆ ನಾಲೆ ನೀರಿನ ಸದ್ದು ಕೇಳುತ್ತಿತ್ತು. ಇಲ್ಲಿ ಮಗ್ಗದ್ದು. ಖಟಾ ಖಟ್, ಖಟಾ ಖಟ್, ಗೋಡೆಯ ಆಚೆಯಿಂದ, ಬೀದಿಯ ಆ ಬದಿಯಿಂದ. ಮೊದಲ ತಿಂಗಳು ತಲೆ ಸಿಡಿದುಹೋಗುತ್ತಿತ್ತು. ಈಗ ಕರೆಂಟು ಹೋಗಿ ಸದ್ದು ನಿಂತರೆ ಏನೋ ಎಡವಟ್ಟಾಯಿತು ಅಂತ ಎದ್ದು ಕೂರುತ್ತೇನೆ. ಕಬ್ಬು ಅಲ್ಲೂ ಇದೆ ಇಲ್ಲೂ ಇದೆ. ಮುಧೋಳದ ದಾರಿಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳುವಾಗ ಕಣ್ಣು ಮುಚ್ಚಿಕೊಂಡರೆ ಮದ್ದೂರು ಬಂತೇನೋ ಅನ್ನಿಸುತ್ತದೆ. ಕಣ್ಣು ಬಿಟ್ಟರೆ ಕಪ್ಪು ಮಣ್ಣು. ಆಸ್ಪತ್ರೆಯಲ್ಲಿ ಮೊದಲ ದಿನ ಒಬ್ಬ ಅಜ್ಜಿ "ಹೊಟ್ಟಿ ಕಡಿಯಾಕತ್ತೈತ್ರಿ" ಎಂದಾಗ ಏನು ಕಡಿಯಿತು ಅಂತ ಹುಡುಕಿದವಳು ನಾನು. ಹೊಟ್ಟೆನೋವು ಅಂತ ಅರ್ಥ. ಈಗ ಅವರು ಬಾಯಿ ಬಿಡುವ ಮೊದಲೇ ಮಾತ್ರೆ ತೆಗೆದಿರುತ್ತೇನೆ. ಮುದ್ದೆ ಮಾತ್ರ ನನ್ನೊಬ್ಬಳದೇ. ಕಾಶವ್ವ ಒಂದು ಸಲ ರುಚಿ ನೋಡಿ, "ಇದನ್ನ ಅಗಿಯೂದೋ ನುಂಗೂದೋ?" ಎಂದು ಕೇಳಿ, ಅಗಿದು, ಎದ್ದು ನೀರು ಕುಡಿದರು.

ಹೊಸ ಸಾಮಾನು ಕೊಳ್ಳುವ ಶಕ್ತಿ ನನಗಿರಲಿಲ್ಲ, ಮನಸ್ಸೂ ಇರಲಿಲ್ಲ. ಅಂಗಡಿಯ ಹೊಸ ಕುರ್ಚಿ ತಂದಿಟ್ಟರೆ ಆ ಮನೆ ಇನ್ನೂ ಬೋಳಾಗಿ ಕಾಣುತ್ತಿತ್ತು. ಹೀಗಾಗಿ ಡ್ಯೂಟಿ ಇಲ್ಲದ ದಿನ ಹಳೆ ಸಾಮಾನು ಹುಡುಕುವುದು ಶುರುವಾಯಿತು. ಕಾಲು ಬಾತಿರುತ್ತಿತ್ತು, ಆದರೂ ಹೋಗುತ್ತಿದ್ದೆ. ಜಮಖಂಡಿಯ ಗುಜರಿ ಅಂಗಡಿಯಲ್ಲಿ ಒಂದು ಕಬ್ಬಿಣದ ಮಂಚ ಸಿಕ್ಕಿತು, ತುಕ್ಕು ಉಜ್ಜಿ ನೀಲಿ ಬಣ್ಣ ಬಳಿದೆ. ಮುಧೋಳದ ಸಂತೆಯಲ್ಲಿ ಅಂಚು ಒಡೆದ ಕನ್ನಡಿ ಸಿಕ್ಕಿತು, ಒಡೆದ ಕಡೆ ಖಣದ ಬಟ್ಟೆ ಅಂಟಿಸಿದೆ. ರಬಕವಿಯಲ್ಲಿ ಒಬ್ಬರು ಹಳೆಯ ಲಾಳಿಗಳನ್ನು ಒಲೆಗೆ ಹಾಕಲು ರಾಶಿ ಮಾಡಿದ್ದರು. ಲಾಳಿ ಎಂದರೆ ಮಗ್ಗದಲ್ಲಿ ನೂಲು ಹೊತ್ತು ಆ ಕಡೆ ಈ ಕಡೆ ಓಡುವ ಕಟ್ಟಿಗೆ, ಎರಡು ತುದಿಯೂ ಚೂಪು. ಆರು ಲಾಳಿ ಕೇಳಿ ತಂದು, ಎಣ್ಣೆ ಸವರಿ, ಗೋಡೆಗೆ ಸಾಲಾಗಿ ಬಡಿದು, ಬ್ಯಾಗು ತೂಗುಹಾಕುವ ಗೂಟ ಮಾಡಿದೆ. ಕಾಶವ್ವ ತಮ್ಮ ಹಳೆಯ ಇಳಕಲ್ ಸೀರೆ ಎರಡು ಕೊಟ್ಟರು. ಸೆರಗು ಕೆಳಗೆ ಬರುವ ಹಾಗೆ ಕಿಟಕಿ ಪರದೆ ಹೊಲಿದೆ. ಅವರು ಬಂದು ನೋಡಿ, "ನಾ ಉಟ್ಟಾಗಿಂತ ಕಿಡಕಿಗೇ ಛಲೋ ಕಾಣತೈತಿ ಬಿಡ ಬೇ" ಎಂದು ನಕ್ಕರು.

ಗುಂಡಿ ಮಾತ್ರ ಬಾಯಿ ಬಿಟ್ಟುಕೊಂಡು ಕೂತೇ ಇತ್ತು. ಮೇಲೆ ಹಾಕಿದ್ದ ಹಲಗೆಗಳು ಕಾಲಿಟ್ಟರೆ ಕಿರ್ರೆನ್ನುತ್ತಿದ್ದವು.

ಒಂದು ಭಾನುವಾರ ಬೀಳಗಿಗೆ ಹೋದೆ. ಅಲ್ಲಿ ಬೇವಿನ ಮರದ ಕೆಳಗೆ ಒಬ್ಬ ಮುದುಕರು ಹಳೆ ಮನೆಗಳ ಕಂಬ, ತೊಲೆ, ಕಿಟಕಿ ಇಟ್ಟುಕೊಂಡು ಮಾರುತ್ತಾರೆ ಅಂತ ಆಸ್ಪತ್ರೆಯಲ್ಲಿ ಕೇಳಿದ್ದೆ. ಗೋಡೆಗೆ ಒರಗಿಸಿದ್ದ ಒಂದು ಜೋಡಿ ಬಾಗಿಲು ಕಣ್ಣಿಗೆ ಬಿತ್ತು. ಎರಡು ದಪ್ಪ ಕದ, ಮೇಲೆ ಹಸಿರು ಬಣ್ಣ, ಬಣ್ಣ ಎದ್ದ ಕಡೆ ಹಳದಿ, ಅದರ ಕೆಳಗೆ ಸಾಗವಾನಿ.

"ಮುಳುಗಡಿ ಮನಿ ಬಾಗಲ್ರಿ ಅದು" ಎಂದರು ಮುದುಕರು. "ಹೊಳಿ ನೀರ ಬರೂಕಿಂತ ಮದಲ ಬಿಚ್ಚಿದ್ದು."

ಅಣೆಕಟ್ಟಿನ ಹಿನ್ನೀರಿಗೆ ಹೋದ ಊರುಗಳ ಸುದ್ದಿ ಪತ್ರಿಕೆಯಲ್ಲಿ ಓದಿದ್ದೆ. ಅಂಥ ಊರಿನ ಬಾಗಿಲನ್ನು ಮುಟ್ಟಿದ್ದು ಅವತ್ತೇ.

"ಮನೆಯವರು ತಗೊಂಡು ಹೋಗ್ಲಿಲ್ವಾ?" ಎಂದೆ.

"ಒಯ್ದಿದ್ರರಿ. ಸರಕಾರದವ್ರು ಕೊಟ್ಟ ಜಾಗಾದಾಗ ಹೊಸಾ ಮನಿ ಕಟ್ಟಿದ್ರು, ಅದಕ್ಕ ಇದು ಕೂಡಲಿಲ್ಲ. ಬಾಗಲ ದೊಡ್ಡದು, ಮನಿ ಸಣ್ಣದು. ಹತ್ತ ವರ್ಷ ಹಿತ್ತಲದಾಗ ಇಟ್ಕೊಂಡ ಕುಂತಿದ್ರು. ಆಮ್ಯಾಲ ತಂದು ನಂಗ ಹಾಕಿದ್ರು, ಏನ್ ಮಾಡ್ತಾರ್ರಿ?"

ಅತ್ತುಬಿಡುತ್ತೇನೇನೋ ಅನ್ನಿಸಿತು, ಸೆರಗಿನಲ್ಲಿ ಬೆವರು ಒರೆಸಿಕೊಂಡೆ. ಎರಡೂ ಕದವನ್ನು ಟಂಟಂ ಗಾಡಿಗೆ ಹೇರಿಸಿಕೊಂಡು ಬನಹಟ್ಟಿಗೆ ತಂದೆ. ಹದಿನೈದು ದಿನ, ಡ್ಯೂಟಿ ಮುಗಿಸಿ ಬಂದ ಮೇಲೆ, ಉಪ್ಪು ಕಾಗದ ಹಿಡಿದು ಉಜ್ಜಿದೆ. ಹಸಿರು ಹೋಯಿತು, ಹಳದಿ ಹೋಯಿತು. ಮೇಲಿನ ಪಟ್ಟಿಯಲ್ಲಿ ಹಬ್ಬಹಬ್ಬಕ್ಕೆ ಇಟ್ಟ ಕುಂಕುಮದ ಬೊಟ್ಟುಗಳು ಮರದೊಳಕ್ಕೆ ಇಳಿದುಬಿಟ್ಟಿದ್ದವು. ಅವನ್ನು ಉಜ್ಜಲು ಕೈ ಬರಲಿಲ್ಲ, ಹಾಗೇ ಬಿಟ್ಟೆ. ಅಗಸೆ ಎಣ್ಣೆ ಕುಡಿಸಿ ಎರಡೂ ಕದಗಳನ್ನು ಗುಂಡಿಯ ಮೇಲೆ ಅಡ್ಡ ಮಲಗಿಸಿದರೆ ಅಳತೆ ತೆಗೆದುಕೊಂಡು ಮಾಡಿಸಿದ ಹಾಗೆ ಕೂತವು.

ಕಾಶವ್ವ ನೋಡಿ ಬಿದ್ದು ಬಿದ್ದು ನಕ್ಕರು. "ಎಲ್ಲಾರೂ ಗ್ವಾಡಿಗೆ ಬಾಗಲಾ ಇಡ್ತಾರ, ನೀ ನೆಲಕ್ಕ ಇಟ್ಟಿಯಲ್ಲ ಬೇ! ಕೆಳಗಿಂದ ಯಾರ ಬರೂರದಾರ?"

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ.

ನಮ್ಮ ಬೀದಿಯಲ್ಲಿ ಒಂದು ನಾಯಿ ಇದೆ. ಬಡಕಲು ಹೊಟ್ಟೆ, ಉದ್ದ ಕಾಲು. ಮುಧೋಳ ನಾಯಿಯ ಜಾತಿ ಅಂತ ಅದರ ಯಜಮಾನರು ಹೇಳಿಕೊಳ್ಳುತ್ತಾರೆ. ಓಟ ನೋಡಿದರೆ ಇರಬಹುದು. ಅದು ಹೊಸ್ತಿಲ ಹೊರಗೆ ಬಿಟ್ಟಿದ್ದ ನನ್ನ ಆಸ್ಪತ್ರೆಯ ಬಿಳಿ ಶೂಗಳಲ್ಲಿ ಒಂದನ್ನು ಕಚ್ಚಿಕೊಂಡು ಹೋಯಿತು. ಇನ್ನೊಂದು ಜೊತೆ ಕೊಂಡೆ, ಅದರಲ್ಲೂ ಒಂದು ಹೋಯಿತು. ತಲೆ ಕೆಟ್ಟಿತು. ಆಗ ಹೊಳೆದದ್ದು ಗುಂಡಿ. ಒಂದು ಕದ ಎತ್ತಿ, ಹಾಲಿನ ಪ್ಯಾಕೆಟ್ಟಿನ ಹಳೆ ಕ್ರೇಟು ಎರಡು ಒಳಗಿಟ್ಟು, ಒಂದರಲ್ಲಿ ಚಪ್ಪಲಿ ಶೂ, ಇನ್ನೊಂದರಲ್ಲಿ ಪೊರಕೆ, ನೆಲ ಒರೆಸುವ ಬಟ್ಟೆ ಜೋಡಿಸಿದೆ. ಕದ ಮುಚ್ಚಿದರೆ ಏನೂ ಕಾಣುವುದಿಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಫೋಟೋ ತೆಗೆದು ಮಗಳಿಗೆ ಕಳಿಸಿದೆ.

"ವಾವ್ ಅಮ್ಮ! ಗುಂಡಿ ಹೋಗಿ ಶೂ ರ್ಯಾಕ್ ಆಯ್ತು! ಈಗ ಓಕೆ" ಎಂದು ಉತ್ತರ ಬಂತು. ಆ ಓಕೆಯನ್ನು ನಾನು ದಿನಕ್ಕೆ ಎಷ್ಟು ಸಲ ತೆಗೆದು ಓದುತ್ತಿದ್ದೆ ಅಂತ ನಿಮಗೆ ಹೇಳಲಾರೆ.

ದಸರಾಕ್ಕೆ ಹನ್ನೆರಡು ದಿನ ಇತ್ತು. ಬೆಳಗ್ಗೆ ಡ್ಯೂಟಿಗೆ ಹೊರಡಲು ಕದ ಎತ್ತಿ ಶೂ ತೆಗೆಯುತ್ತಿದ್ದೆ. ಕಾಶವ್ವ ಎಂದಿನಂತೆ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಹಿಡಿದು ಒಳಗೆ ಬಂದರು. ಗುಂಡಿಯೊಳಗೆ ನೋಡಿದರು. ಅವರ ಮುಖದ ಬಣ್ಣ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ರಕ್ತದೊತ್ತಡ ಇಳಿಯಿತೇನೋ ಅಂತ ಕೈ ಹಿಡಿಯಲು ಹೋದೆ, ಕೊಸರಿಕೊಂಡರು.

"ಕುಣ್ಯಾಗ ಚಪ್ಪಲಿ ಇಟ್ಟಿಯಾ?"

"ಅಮ್ಮ, ಆ ನಾಯಿ..."

"ನಮ್ಮ ಮನ್ಯಾವ್ರು ನಾಕ ಮಕ್ಕಳನ್ನ ಈ ಕುಣ್ಯಾಗ ಕಾಲ ಬಿಟ್ಟು ಸಾಕ್ಯಾರ. ಸಾಯೂ ದಿನದ ಮುಂಜಾನಿ ಸೈತ ಕಾಲ ತೊಳಕೊಂಡ ಇಳದಿದ್ರು. ತೊಳಕೊಳ್ಳದ ಯಾರೂ ಇದರಾಗ ಕಾಲ ಇಟ್ಟಿಲ್ಲ. ನೀ ಕಸಬರಗಿ ಇಟ್ಟಿ."

ಕೂಗಲಿಲ್ಲ, ಬೈಯಲಿಲ್ಲ. ರೊಟ್ಟಿಯನ್ನು ಮರಳಿ ಬಟ್ಟೆಯಲ್ಲಿ ಸುತ್ತಿಕೊಂಡರು. ಬಾಗಿಲ ಹತ್ತಿರ ಹೋಗಿ, ನನ್ನ ಕಡೆ ತಿರುಗದೆ, "ದಸರಾ ಆಗೂತನಾ ಇರ್ರಿ ನರ್ಸಬಾಯಾರ. ಆಮ್ಯಾಲ ಬ್ಯಾರೆ ಮನಿ ನೋಡ್ಕೋರಿ" ಎಂದರು. ನಾಲ್ಕು ತಿಂಗಳಿಂದ ತಂಗಿ, ಬೇ ಎಂದು ಏಕವಚನದಲ್ಲಿ ಕರೆಯುತ್ತಿದ್ದ ಬಾಯಿ ಅದು. ಆ ಬಹುವಚನ ಬೈಗುಳಕ್ಕಿಂತ ಜೋರಾಗಿ ತಾಗಿತು.

ಮೊದಲು ಬಂದದ್ದು ಸಿಟ್ಟು, ಸುಳ್ಳು ಹೇಳುವುದಿಲ್ಲ. ಒಂದು ಗುಂಡಿಗೆ ಇಷ್ಟೊಂದು ಮಡಿಯೇ? ಮಗ್ಗವನ್ನೇ ಕಿತ್ತು ಹಾಕಿದವರಿಗೆ ಅದರ ಗುಂಡಿಯ ಮೇಲೆ ಏನಿಂಥಾ ಮೋಹ? ಇಡೀ ದಿನ ವಾರ್ಡಿನಲ್ಲಿ ಸಿಡಿಮಿಡಿ ಎನ್ನುತ್ತಾ ಓಡಾಡಿದೆ. ಸಂಜೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ ಅಪ್ಪ ನೆನಪಾದರು. ಸುಗ್ಗಿಯಲ್ಲಿ ನಮ್ಮಪ್ಪ ಕಣಕ್ಕೆ ಮೆಟ್ಟು ಹಾಕಿಕೊಂಡು ಇಳಿದವರಲ್ಲ. ರಾಗಿ ಒಕ್ಕುವ ಕಣ ಅದು, ಒಕ್ಕಣೆ ಮುಗಿದು ಖಾಲಿ ಬಿದ್ದಿದ್ದರೂ ಅಷ್ಟೇ. ಶಾಲೆಯ ಶೂ ಹಾಕಿಕೊಂಡು ಕಣ ದಾಟಿದೆ ಅಂತ ಒಂದು ಸಲ ನನ್ನ ಬೆನ್ನ ಮೇಲೆ ಬಾರಿಸಿದ್ದರು. ನಮ್ಮೂರಲ್ಲಿ ಆ ಕಣ ಈಗ ಸೈಟಾಗಿದೆ. ಅದರ ಮೇಲೆ ಯಾರಾದರೂ ಬಚ್ಚಲು ಕಟ್ಟಿದ್ದರೆ ನನಗೇನು ಅನ್ನಿಸುತ್ತಿತ್ತು? ಬೆಂಚಿನ ಮೇಲೆ ಕೂತೇ ನಾಚಿಕೆಯಿಂದ ಕುಗ್ಗಿಹೋದೆ.

ಮನೆಗೆ ಬಂದು ಎಲ್ಲವನ್ನೂ ಹೊರಗೆ ತೆಗೆದೆ. ಗುಂಡಿಗೆ ನೀರು ಹೋಗುವ ದಾರಿ ಇಲ್ಲ. ಬಕೆಟ್ಟಿನಿಂದ ನೀರು ಹೊಯ್ದು, ಗುಂಡಿಯಲ್ಲಿ ಮೊಣಕಾಲೂರಿ ಉಜ್ಜಿ, ಚೊಂಬಿನಲ್ಲಿ ಮೊಗೆದು ಹೊರಗೆ ಚೆಲ್ಲಿ, ಮತ್ತೆ ಹೊಯ್ದು, ಮತ್ತೆ ಮೊಗೆದೆ. ಮರುದಿನ ಸುಣ್ಣ ಬಳಿದೆ. ಸೊಂಟ ಬಿದ್ದುಹೋಯಿತು. ಇಷ್ಟು ದಿನ ಮಾಡಿದ ಅಲಂಕಾರದಲ್ಲೆಲ್ಲ ಒಂದು ಖುಷಿ ಇತ್ತು, ಇದರಲ್ಲಿ ಆಯಾಸ ಬಿಟ್ಟರೆ ಏನೂ ಇರಲಿಲ್ಲ. ಪಕ್ಕದ ಮನೆಗೆ ಹೋಗಿ ಹೇಳಿದೆ: "ತಪ್ಪಾಯ್ತು ಅಮ್ಮ. ಗೊತ್ತಿರಲಿಲ್ಲ. ತೊಳೆದು ಸುಣ್ಣ ಬಳಿದಿದ್ದೀನಿ, ಬಂದು ನೋಡಿ."

"ನಾ ಏನ ನೋಡ್ಲಿರಿ" ಎಂದು ಕಾಶವ್ವ ಒಳಗೆ ಹೋದರು. ಮಗ್ಗದ ಸದ್ದು ಒಂದೇ ಸಮನೆ ಬರುತ್ತಿತ್ತು.

ತೇರದಾಳದವರೆಗೆ ಹೋಗಿ ಮನೆ ಹುಡುಕಿದೆ. ಮತ್ತೆ ಅದೇ ಪ್ರಶ್ನೆ, ಮನ್ಯಾವ್ರು ಏನ್ ಮಾಡ್ತಾರ್ರಿ. ಎರಡನೇ ಮನೆಗೇ ಸಾಕಾಗಿ ಬಸ್ಸು ಹತ್ತಿದೆ.

ಅಕ್ಕ ಇಂಚರಾಳನ್ನು ಕರೆದುಕೊಂಡು ಬಂದಳು, ಒಂದೇ ದಿನಕ್ಕೆ. ಮನೆಯನ್ನು ಒಂದು ಸುತ್ತು ನೋಡಿ, "ಏನೇ ಶೋಭಾ ಇದು, ಗುಜರಿ ಅಂಗ್ಡಿ ಇಟ್ಕಂಡಿದ್ದೀಯ?" ಎಂದಳು. ಮರುದಿನ ಹೊರಡುವಾಗ ಮಾತ್ರ ಲಾಳಿಯ ಗೂಟವನ್ನು ಮುಟ್ಟಿ ನೋಡಿ, "ಇಂಥದ್ದು ಎರಡು ನಂಗೂ ಇರ್ಲಿ" ಎಂದು ಗೋಡೆಯಿಂದ ಕಿತ್ತು ಚೀಲಕ್ಕೆ ಹಾಕಿಕೊಂಡಳು.

ಮಗಳು ಬಂದ ಕೂಡಲೇ ಕದ ಎತ್ತಿ ನೋಡಿದ್ದಳು.

"ಶೂ ರ್ಯಾಕ್ ಎಲ್ಲಿ? ಮತ್ತೆ ಗುಂಡಿನೇ ಇದೆ! ಸುಳ್ಳು ಹೇಳಿ ಕರ್ಸಿದ್ದೀಯ ನೀನು."

ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಚಪ್ಪಲಿ ಇಟ್ಟದ್ದು, ಕಾಶವ್ವ ರೊಟ್ಟಿ ಸುತ್ತಿಕೊಂಡು ಹೋದದ್ದು, ದಸರಾ ಮುಗಿದ ಮೇಲೆ ಈ ಮನೆಯೂ ಇರುವುದಿಲ್ಲ ಎಂಬುದು. ತಾತನ ಕಣದ ವಿಷಯ ಹೇಳಿದೆ. ಬಾಗಿಲು ಎಲ್ಲಿಂದ ಬಂತು ಅಂತಲೂ ಹೇಳಿದೆ. ಮಗಳು ಕೊನೆಯಲ್ಲಿ ಕೇಳಿದ್ದು ಒಂದೇ, "ಆ ಮನೆ ಈಗ್ಲೂ ನೀರೊಳಗೇ ಇದ್ಯಾ?" ಇದೆ ಎಂದೆ. ಆಮೇಲೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೊಬೈಲು ಹಿಡಿದು ನೀಲಿ ಮಂಚದ ಮೇಲೆ ಬಿದ್ದುಕೊಂಡಿದ್ದಳು. ನಾನು ಒಳಗೊಳಗೇ ಅವಳ ಬಟ್ಟೆ ವಾಪಸು ಮಡಿಚಿ ಇಟ್ಟಾಗಿತ್ತು.

ಮೂರನೇ ದಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಬಂದೆ. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ನೋಡಿದರೆ, ಗುಂಡಿಯ ಮೇಲಿನ ಎರಡು ಕದಗಳಲ್ಲಿ ಒಂದು ಇದ್ದಲ್ಲೇ ಇದೆ. ಹಿತ್ತಲಿನ ಇಟ್ಟಿಗೆಗಳನ್ನು ತಂದು, ನಾಲ್ಕು ಮೂಲೆಗೂ ಒಂದರ ಮೇಲೊಂದು ಪೇರಿಸಿ, ಇನ್ನೊಂದನ್ನು ಅವುಗಳ ಮೇಲೆ ಎತ್ತಿ ಇಡಲಾಗಿದೆ. ಅಷ್ಟು ಭಾರದ ಕದವನ್ನು ಹೇಗೆ ಎತ್ತಿದಳೋ ದೇವರಿಗೇ ಗೊತ್ತು. ಇಂಚರಾ ಗುಂಡಿಯ ಅಂಚಿನಲ್ಲಿ ದಿಂಬು ಹಾಕಿಕೊಂಡು, ಕಾಲು ಒಳಗೆ ಇಳಿಬಿಟ್ಟು, ಬಾಗಿಲನ್ನೇ ಮೇಜು ಮಾಡಿಕೊಂಡು ಚಿತ್ರ ಬರೆಯುತ್ತಾ ಕೂತಿದ್ದಳು.

"ಕೆಳಗೆ ತಣ್ಣಗಿದೆ ಅಮ್ಮ" ಎಂದಳು, ತಲೆ ಎತ್ತದೆ. "ಕಾಲು ಜೋಮು ಹಿಡಿಯಲ್ಲ. ಯಾರು ಕಂಡುಹಿಡಿದ್ರೋ ಇದನ್ನ."

ನಾಲ್ಕು ತಿಂಗಳು ಅದನ್ನು ಮುಚ್ಚುವುದು ಹೇಗೆ, ಮರೆಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆನಲ್ಲ, ಒಂದು ದಿನವಾದರೂ ಅದರಲ್ಲಿ ಕಾಲು ಬಿಟ್ಟು ಕೂತು ನೋಡಿದ್ದೆನೇ?

ಮರುದಿನ ಆಯುಧಪೂಜೆ. ಇಲ್ಲಿ ಖಂಡೆ ಪೂಜೆ ಎನ್ನುತ್ತಾರೆ. ಪಕ್ಕದ ಮನೆಯಲ್ಲಿ ಮಗ್ಗಗಳನ್ನು ನಿಲ್ಲಿಸಿ, ತೊಳೆದು, ವಿಭೂತಿ ಬಳಿದು, ಹೂ ಏರಿಸುತ್ತಿದ್ದರು. ಇಡೀ ಬನಹಟ್ಟಿ ಸದ್ದಿಲ್ಲದೆ ನಿಂತಿತ್ತು. ನಾನು ಅಡುಗೆಮನೆಯಲ್ಲಿದ್ದೆ. ಮುಂಬಾಗಿಲಲ್ಲಿ ಬಳೆಯ ಸದ್ದಾಯಿತು. ಕಾಶವ್ವ ಪೂಜೆಯ ತಟ್ಟೆ ಹಿಡಿದು, ಒದ್ದೆ ಕಾಲಿನಲ್ಲಿ, ನನ್ನನ್ನು ಕರೆಯದೆ ಕೇಳದೆ ಒಳಗೆ ಬಂದರು. ಬಾಡಿಗೆಗೆ ಯಾರಿದ್ದರೂ ಈ ದಿನ ಕುಣಿಗೆ ಪೂಜೆ ಮಾಡುವುದು ಅವರ ವಾಡಿಕೆ ಅಂತ ಆಮೇಲೆ ತಿಳಿಯಿತು.

ಇಂಚರಾ ಅದೇ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಏಳೇ ಎಂದು ಕೂಗಲು ಬಾಯಿ ತೆರೆ‌ದೆ, ಕಾಶವ್ವ ಕೈ ಅಡ್ಡ ಮಾಡಿದರು.

"ಕಾಲ ತೊಳದಿಯೇನ ಯವ್ವಾ?"

"ಹ್ಞೂಂ ಅಜ್ಜಿ. ಈಗ ತಾನೆ ಸ್ನಾನ ಮಾಡ್ದೆ. ಅಮ್ಮ ಹೇಳಿದ್ಲು, ತೊಳ್ಕೊಂಡೇ ಇಳೀಬೇಕು ಅಂತ."

ಕಾಶವ್ವ ತಟ್ಟೆಯನ್ನು ಬಾಗಿಲ ಮೇಜಿನ ಮೇಲೆ ಇಟ್ಟು, ಅಲ್ಲೇ ಮಗುವಿನ ಪಕ್ಕದಲ್ಲಿ ನಿಧಾನವಾಗಿ ಕೂತರು. ಗುಂಡಿಯ ಬಿಳಿ ಸುಣ್ಣ ನೋಡಿದರು. ಮೇಜಾಗಿದ್ದ ಕದದ ಮೇಲಿನ ಹಳೆಯ ಕುಂಕುಮದ ಬೊಟ್ಟುಗಳ ಮೇಲೆ ಬೆರಳಾಡಿಸಿದರು. ಆಮೇಲೆ ತಮ್ಮ ಕಾಲುಗಳನ್ನೂ ಒಳಗೆ ಇಳಿಬಿಟ್ಟರು.

"ಹಿಂಗ ಕುಂಡ್ರತಿದ್ರು ನಮ್ಮವ್ರು" ಎಂದರು. "ನಿನ್ನಂಗ ಬೆನ್ನ ಬಗ್ಗಿಸಿ ಅಲ್ಲ, ನೆಟ್ಟಗ ಕುಂಡ್ರು. ಹಾಂ. ಈಗ ಬಲಗಾಲ ಒತ್ತು. ಎಡಗಾಲ ಬಿಡು. ಲಾಳಿ ಹೋತು. ಎಡಗಾಲ ಒತ್ತು, ಬಲಗಾಲ ಬಿಡು. ಲಾಳಿ ಬಂತು."

ಮಗುವಿನ ಎರಡು ಮೊಣಕಾಲ ಮೇಲೂ ಕೈಯಿಟ್ಟು, ಒಂದನ್ನು ಒತ್ತಿ ಒಂದನ್ನು ಬಿಟ್ಟು, ಇಲ್ಲದ ಮಗ್ಗವನ್ನು ತುಳಿಸುತ್ತಿದ್ದರು. ಇಂಚರಾ ನಗುತ್ತಾ ಕಾಲಾಡಿಸುತ್ತಿದ್ದಳು. ಹೋತು, ಬಂತು. ಹೋತು, ಬಂತು. ಕಾಶವ್ವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಅಳುತ್ತಿದ್ದೆ. ಎಷ್ಟು ತಿಂಗಳ ಅಳುವೋ ಏನೋ, ನಿಲ್ಲಲೇ ಇಲ್ಲ.

ಮಗುವನ್ನು ಎಬ್ಬಿಸದೆಯೇ ಪೂಜೆ ಮಾಡಿದರು. ಕುಣಿಯ ಅಂಚಿಗೆ ವಿಭೂತಿ, ಮಗುವಿನ ಹಣೆಗೆ ಕುಂಕುಮ. ಕಾಯಿ ಒಡೆದು, ಎದ್ದು ಹೊರಡುವಾಗ ನನ್ನ ಕಡೆ ನೋಡಿ, "ಏನ್ ಅಳ್ತಿ ಬೇ, ಒಲಿ ಮ್ಯಾಲ ಏನೋ ಹೊತ್ತಾಕತ್ತೈತಿ ನೋಡು" ಎಂದರು. ಸಾರು ತಳ ಹಿಡಿದಿತ್ತು. ಮರುದಿನ ಬನ್ನಿ ಎಲೆ ತಂದು ನಮ್ಮಿಬ್ಬರ ಕೈಗೂ ಕೊಟ್ಟು, "ಬಂಗಾರದಂಗ ಇರೂಣು" ಎಂದರು. ಬೇರೆ ಮನೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ರಜೆ ಮುಗಿಯಿತು. ಮಗಳನ್ನು ಬಿಡಲು ನಾನೇ ಮಂಡ್ಯಕ್ಕೆ ಹೋದೆ. ದಾರಿಯುದ್ದಕ್ಕೂ ಅವಳು ಇರುತ್ತೇನೆ ಎನ್ನಲಿಲ್ಲ, ಇರುವುದಿಲ್ಲ ಅಂತಲೂ ಎನ್ನಲಿಲ್ಲ. ಬಲವಂತ ಮಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ, ಕೇಳಲಿಲ್ಲ. ಅಕ್ಕನ ಮನೆಯಲ್ಲಿ ಮುದ್ದೆ ಉಂಡೆ, ಸೊಪ್ಪಿನ ಸಾರು ಉಂಡೆ, ಹೊಟ್ಟೆ ತುಂಬಿತು. ಮಲಗಿದರೆ ನಿದ್ದೆ ಬರಲಿಲ್ಲ. ಏನು ಕಮ್ಮಿಯಾಗಿದೆ ಅಂತ ಯೋಚಿಸಿದರೆ, ಮಗ್ಗದ ಸದ್ದಿಲ್ಲ. ಹುಟ್ಟಿದ ಊರಿನಲ್ಲಿ ನಿದ್ದೆ ಬರುವುದಿಲ್ಲ ಎಂದರೆ ಯಾರಿಗೆ ಹೇಳಲಿ?

ಬನಹಟ್ಟಿಗೆ ವಾಪಸು ಬಂದು ಮೂರು ವಾರಕ್ಕೆ ಮಗಳ ಫೋನು ಬಂತು. ಶಾಲೆ, ಟ್ಯೂಷನ್ನು, ದೊಡ್ಡಮ್ಮ ಬೈದದ್ದು, ಎಲ್ಲಾ ಆಯಿತು. ಆಮೇಲೆ ಹೇಳಿದಳು:

"ಇಲ್ಲಿ ಕಾಲು ಇಳಿಬಿಡೋಕೆ ಜಾಗನೇ ಇಲ್ಲ ಕಣಮ್ಮ. ಕುರ್ಚಿ ಮೇಲೆ ಕೂತ್ರೆ ಏನೋ ಥರ ಆಗುತ್ತೆ. ಪರೀಕ್ಷೆ ಮುಗಿಸ್ಕೊಂಡು ಬರ್ತೀನಿ. ಗುಂಡಿ ಮುಚ್ಚಿಸ್ಬೇಡ."

ಆಯ್ತು ಎಂದೆ. ಫೋನಿಟ್ಟ ಮೇಲೆ ಕುಣಿಯಬೇಕಿತ್ತು ನಾನು. ಕುಣಿಯಲಿಲ್ಲ, ಸುಮ್ಮನೆ ಕೂತುಬಿಟ್ಟೆ. ಅವಳು ಅಲ್ಲಿರುವವರೆಗೆ ನನಗೆ ಮಂಡ್ಯಕ್ಕೆ ಹೋಗಲು ಒಂದು ನೆಪ ಇತ್ತು, ರಜೆ ಚೀಟಿಯಲ್ಲಿ ಬರೆಯಲು ಒಂದು ಕಾರಣ ಇತ್ತು. ಅವಳೂ ಬಂದಳೆಂದರೆ ನಾನು ನಿಮ್ಮೂರಿಗೆ ಬರುವುದು ನೆಂಟಳಾಗಿಯೇ. ನೋಡಿ, ನಿಮ್ಮೂರು ಎಂದುಬಿಟ್ಟೆ.

ಈಗ ಡ್ಯೂಟಿ ಮುಗಿಸಿ ಬಂದವಳು ಹಿತ್ತಲಲ್ಲಿ ಕಾಲು ತೊಳೆದುಕೊಳ್ಳುತ್ತೇನೆ. ಬಾತ ಪಾದಗಳನ್ನು ಗುಂಡಿಗೆ ಇಳಿಬಿಟ್ಟು, ನೀರಿಗೆ ಹೋದ ಮನೆಯ ಬಾಗಿಲಿನ ಮೇಲೆ ತಟ್ಟೆ ಇಟ್ಟುಕೊಂಡು, ಕಾಶವ್ವ ಕೊಟ್ಟ ರೊಟ್ಟಿಯನ್ನು ಮಂಡ್ಯದ ಹುರುಳಿ ಸಾರಿನಲ್ಲಿ ಅದ್ದಿ ತಿನ್ನುತ್ತೇನೆ. ಗೋಡೆಯ ಆಚೆ ಲಾಳಿ ಹೋಗುತ್ತದೆ, ಬರುತ್ತದೆ. ಎದುರಿಗೆ ಇಂಚರಾ ಕೂತಿದ್ದ ಜಾಗದಲ್ಲಿ ಅವಳ ದಿಂಬು ಹಾಗೇ ಇದೆ. ಕದವನ್ನು ಇಟ್ಟಿಗೆಯ ಮೇಲಿಂದ ಇಳಿಸಿಲ್ಲ.